ನಕ್ಕಳು ಎಂಬ ಸಾಲು

ಅವನನ್ನು ಎಲ್ಲರೂ ಕೆಂಡದಣ್ಣ ಎಂದೇ ಕರೆಯುತ್ತಿದ್ದರು. ಮನುಷ್ಯನನ್ನು ನೋಡಿದರೆ ಹೆಸರಿಟ್ಟವರ ತಲೆ ಸರಿಯಿಲ್ಲ ಅನ್ನಿಸಬೇಕು. ಬೆಕ್ಕು ಹಾಲಿಗೆ ಬಾಯಿ ಹಾಕಿದರೂ "ಪಾಪ, ಹಸಿವಾಗಿತ್ತೇನೋ" ಅನ್ನುವ ಆಸಾಮಿ. ಬಸ್ಸಿನಲ್ಲಿ ಯಾರಾದರೂ ಕಾಲು ತುಳಿದರೆ ಇವನೇ ಕ್ಷಮೆ ಕೇಳುತ್ತಿದ್ದ. ಆದರೆ ಕೈಗೊಂದು ಪೆನ್ನು ಕೊಟ್ಟು ಎದುರಿಗೆ ಬಿಳಿ ಹಾಳೆ ಇಟ್ಟರೆ ಮುಗಿಯಿತು, ಕೆಂಡ ಕಾರುತ್ತಿದ್ದ. ಅದೆಲ್ಲ ಬೇರೆಯವರ ಕೆಂಡ. ಸ್ವಂತದ್ದು ಒಂದು ಕಿಡಿಯೂ ಅವನಲ್ಲಿರಲಿಲ್ಲ.

ಕೆಲಸ ಅರ್ಜಿ ಬರೆಯುವುದು. ನೋಂದಣಿ ಕಚೇರಿಯ ಮೆಟ್ಟಿಲ ಕೆಳಗೆ, ಕಸಬರಿಗೆ ಬಕೆಟ್ಟು ಇಡುವ ಜಾಗದ ಪಕ್ಕದಲ್ಲಿ, ಒಂದು ಮಡಚುವ ಮೇಜು, ತನಗೊಂದು ಸ್ಟೂಲು, ಬಂದವರಿಗೊಂದು ಸ್ಟೂಲು. ನೀರಿನ ಮೀಟರು ಸುಳ್ಳು ಹೇಳುತ್ತದೆ, ಪಕ್ಕದ ಮನೆಯ ಗೋಡೆ ನಮ್ಮ ಕಡೆ ವಾಲಿದೆ, ಸತ್ತ ಗಂಡನ ಪಿಂಚಣಿ ಬಂದಿಲ್ಲ ಎಂದು ಬರುವವರ ದುಃಖವನ್ನೆಲ್ಲ ಅವನು ತಲೆಯಾಡಿಸುತ್ತ ಕೇಳಿ, ಒಂದೂವರೆ ಪುಟದ ಸಿಟ್ಟಾಗಿ ಮಾಡಿಕೊಡುತ್ತಿದ್ದ.

ಈ ವಿದ್ಯೆ ಕಲಿಸಿದ್ದು ಅವನಿಗಿಂತ ಮೊದಲು ಅದೇ ಮೆಟ್ಟಿಲ ಕೆಳಗೆ ಕೂತು ಸವೆದುಹೋದ ಒಬ್ಬ ಮುದುಕ. ಇವನಿಗೆ ಮೇಷ್ಟ್ರು. ಪಾಠ ಎರಡೇ ಎರಡು. ಒಂದು, ಹೆಸರು ಮತ್ತು ಜಾಗ ಕೇಳಬಾರದು. ಅಲ್ಲಿ ಖಾಲಿ ಬಿಟ್ಟು ಬರೆಯಬೇಕು, ಆಮೇಲೆ ಅವರೇ ತುಂಬಿಕೊಳ್ಳಲಿ. "ಹೆಸರು ಗೊತ್ತಾದ್ರೆ ಮುಖ ಕಾಣುತ್ತೆ, ಮುಖ ಕಂಡ್ರೆ ಕೈ ಸೋಲುತ್ತೆ" ಎಂದು ಮೇಷ್ಟ್ರು ಹೇಳುತ್ತಿದ್ದರು. ಎರಡನೆಯದು ನಗು. "ಇಂಥವರು ತಪ್ಪು ಮಾಡಿದ್ರು ಅಂತ ಬರಿ, ಸಾಹೇಬ್ರು ಆಕಳಿಸ್ತಾರೆ. ತಪ್ಪು ಮಾಡಿ ನಕ್ಕರು ಅಂತ ಬರಿ, ನೆಟ್ಟಗೆ ಕೂರ್ತಾರೆ."

ಹೀಗಾಗಿ ಆ ಮೆಟ್ಟಿಲ ಕೆಳಗೆ ಹುಟ್ಟಿದ ಪ್ರತಿಯೊಂದು ಅರ್ಜಿಯಲ್ಲೂ ಮೂರನೆಯ ಪ್ಯಾರಾದಲ್ಲಿ ಯಾರಾದರೊಬ್ಬರು ನಗಲೇಬೇಕಿತ್ತು. ಗುಮಾಸ್ತ ನಕ್ಕ, ಮೇಸ್ತ್ರಿ ನಕ್ಕ, ಪಕ್ಕದ ಮನೆಯವಳು ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕಳು. ಇಪ್ಪತ್ತಾರು ವರ್ಷದಲ್ಲಿ ಕೆಂಡದಣ್ಣ ನಗಿಸಿದಷ್ಟು ಜನರನ್ನು ಯಾವ ವಿದೂಷಕನೂ ನಗಿಸಿರಲಾರ. ಅವರಲ್ಲಿ ನಿಜವಾಗಿ ನಕ್ಕವರು ಬೆರಳೆಣಿಕೆಯಷ್ಟೂ ಇದ್ದಿರಲಿಕ್ಕಿಲ್ಲ. ಅದರಿಂದ ದೊಡ್ಡ ಅನಾಹುತವೇನೂ ಆಗಲಿಲ್ಲ. ಸಾಹೇಬರುಗಳಿಗೂ ಈ ಮೂರನೆಯ ಪ್ಯಾರಾದ ನಗು ಗೊತ್ತಿದ್ದದ್ದೇ. ಅರ್ಜಿಗೆ ಮುದ್ರೆ ಬಿದ್ದು, ಫೈಲು ಸೇರಿ, ಉತ್ತರ ಬರುವ ಹೊತ್ತಿಗೆ ಮೂರು ತಿಂಗಳು. ಅಷ್ಟರಲ್ಲಿ ಸಿಟ್ಟು ಮಾಡಿಕೊಂಡವನಿಗೇ ಅದರ ನೆನಪು ಇರುತ್ತಿರಲಿಲ್ಲ.

ಆಮೇಲೆ ಎಲ್ಲರ ಕೈಗೂ ಫೋನು ಬಂತು. ಅರ್ಜಿಗೆ ಬರುವವರು ಕಡಿಮೆಯಾದರು. ಬಂದವರೂ ಸಾಹೇಬರಿಗೆ ಬರೆಯಿರಿ ಅನ್ನುತ್ತಿರಲಿಲ್ಲ, "ಫೋನಲ್ಲಿ ಹಾಕೋಕೆ ಬರ್ದುಕೊಡಿ" ಅನ್ನುತ್ತಿದ್ದರು. ಅದನ್ನು ಓದುವವರು ಆಕಳಿಸಲೂ ಪುರುಸೊತ್ತಿಲ್ಲದವರು. ಅವರಿಗಾಗಿ ಕೆಂಡದಣ್ಣ ಮೂರನೆಯ ಪ್ಯಾರಾದ ನಗುವನ್ನು ಮೇಲಕ್ಕೆ ಎತ್ತಿ ಎರಡನೆಯ ಸಾಲಿಗೆ ತಂದ. ಮಾಡಿದ ಬದಲಾವಣೆ ಅಷ್ಟೇ. ಫಲ ನೋಡಿ ಅವನಿಗೇ ಗಾಬರಿಯಾಯಿತು. ಮೊದಲು ಒಂದು ಅರ್ಜಿಗೆ ಒಬ್ಬ ಸಾಹೇಬ ನೆಟ್ಟಗೆ ಕೂರುತ್ತಿದ್ದ, ಈಗ ಊರಿಗೆ ಊರೇ ಎದ್ದು ನಿಲ್ಲುತ್ತಿತ್ತು.

ಖಾಯಂ ಗಿರಾಕಿ ಎಂದರೆ ಟೈಲ್ಸ್ ಅಂಗಡಿಯವನು. ಮೂವತ್ತೈದರ ಗುಂಡು ಮುಖದ, ಸದಾ ಸೆಂಟು ಬಳಿದುಕೊಂಡ, ಒಳ್ಳೆಯ ಮಾತಿನ ಹುಡುಗ. ಅವನ ಪೋಸ್ಟುಗಳನ್ನು ಓದುವವರು ಸಾವಿರಗಟ್ಟಲೆ. ಅಷ್ಟು ಜನರನ್ನು ದಿನಾ ಹಿಡಿದಿಡಬೇಕಲ್ಲ, ಟೈಲ್ಸಿನ ಚಿತ್ರ ಹಾಕಿದರೆ ಯಾರು ನಿಲ್ಲುತ್ತಾರೆ? ಹಾಗಾಗಿ ದಿನ ಬಿಟ್ಟು ದಿನ ಬಂದು, ಸ್ಟೂಲಿನ ಮೇಲೆ ಕೂತು, ಬಿಸ್ಕತ್ತು ಕೇಳುವಷ್ಟು ಸಲೀಸಾಗಿ ಕೇಳುತ್ತಿದ್ದ: "ಅಣ್ಣ, ಇವತ್ತಿಗೊಂದು ಸಿಟ್ಟು ಬೇಕಿತ್ತು."

ಕೆಂಡದಣ್ಣ ಇದನ್ನೆಲ್ಲ ಸಂಜೆ ಮನೆಗೆ ಹೋಗಿ ಅಕ್ಕನ ಮುಂದೆ ಅಭಿನಯಿಸಿ ತೋರಿಸುತ್ತಿದ್ದ.

ಮನೆ ಎಂದರೆ ಮೂರನೆಯ ಮಹಡಿಯ ಎರಡು ಕೋಣೆ. ಇವನಿಗಿಂತ ಎಂಟು ವರ್ಷಕ್ಕೆ ದೊಡ್ಡವಳು ಅಕ್ಕ. ಅಮ್ಮ ಹೋದಾಗ ಇವನಿಗೆ ಆರು. ತಲೆ ಬಾಚಿ, ಮೂಗು ಒರೆಸಿ, ಕೈ ಹಿಡಿದು ಅಕ್ಷರ ತೀಡಿಸಿದವಳು ಅವಳೇ. ಮಕ್ಕಳಾಗುವ ಮೊದಲೇ ಗಂಡ ತೀರಿಕೊಂಡ ಮೇಲೆ ತಮ್ಮನ ಮನೆಗೆ ಬಂದಳು ಎಂದು ಜನ ಹೇಳುತ್ತಾರೆ. ನಿಜಕ್ಕೂ ತಮ್ಮನೇ ಅವಳ ಮನೆಯಲ್ಲಿದ್ದ. ಐವತ್ತಕ್ಕೆ ಹತ್ತಿರವಾದರೂ ಅವಳಿಗೆ ಅವನಿನ್ನೂ "ಮರಿ". ಸಿಟ್ಟು ಬಂದರೆ ಎದುರು ಮನೆಗೆ ಕೇಳುವ ಹಾಗೆ ಬೈಯುತ್ತಿದ್ದಳು, ಬೈದು ಮುಗಿಯುವ ಮೊದಲೇ ಅವಳಿಗೆ ನಗು ಬಂದುಬಿಡುತ್ತಿತ್ತು. ಆ ನಗುವೋ, ಮೂರು ಮಹಡಿ ಇಳಿದು ಬೀದಿಗೆ ಹೋಗಿ ಬರುವಂಥದ್ದು. ತಮ್ಮ ಟೈಲ್ಸ್ ಅಂಗಡಿಯವನ ಹಾಗೆ ಕುತ್ತಿಗೆ ಕೊಂಕಿಸಿ "ಇವತ್ತಿಗೊಂದು ಸಿಟ್ಟು" ಅಂದರೆ ಸಾಕು, ಕೈಯಲ್ಲಿದ್ದ ಲೋಟ ಕೆಳಗಿಟ್ಟು ಹೊಟ್ಟೆ ಹಿಡಿದುಕೊಳ್ಳುತ್ತಿದ್ದಳು. ಬೇರೆಯವರ ಸಿಟ್ಟು ಬರೆದೂ ಬರೆದೂ ಹುಳಿಯಾದ ಅವನ ಬಾಯಿಗೆ ದಿನಕ್ಕೊಮ್ಮೆ ಸಿಹಿಯಾಗುತ್ತಿದ್ದದ್ದು ಆಗಲೇ. ಅವನಿಗೆ ಇದ್ದ ಸುಖವೂ ಅದೊಂದೇ.

ಅಕ್ಕನಿಗೆ ಆಸ್ಪತ್ರೆಯಲ್ಲಿ ಕೆಲಸ. ಬಾಣಂತಿಯರ ವಾರ್ಡಿನ ಗೇಟು ಕಾಯುವುದು. ನೀಲಿ ಕೋಟು, ಕೊರಳಲ್ಲಿ ಬೀಗದ ಕೈ. ನೋಡಲು ಬಂದವರನ್ನು ನಾಲ್ಕಕ್ಕೆ ಒಳಗೆ ಬಿಡಬೇಕು, ಆರಕ್ಕೆ ಹೊರಗೆ ಕಳಿಸಿ ಗೇಟು ಹಾಕಬೇಕು. ಆರರ ಮೇಲೆ ಡಾಕ್ಟರ ನೆಂಟರು ಬರಲಿ, ಮಂತ್ರಿ ಬರಲಿ, ಹೊರಗಿನ ಗಾಳಿ ಎಳೆಗೂಸುಗಳ ಹತ್ತಿರ ಸುಳಿಯಬಾರದು ಎಂಬುದು ನಿಯಮ. ಹತ್ತೊಂಬತ್ತು ವರ್ಷ ಅವಳು ಅದನ್ನು ಪಾಲಿಸಿದ್ದಳು. ನಿವೃತ್ತಿಗೆ ಎರಡು ವರ್ಷ ಬಾಕಿ.

ಒಂದು ಸಂಜೆ ಅವಳು ಬಟ್ಟೆ ಮಡಚುತ್ತ ಹೇಳಿದಳು: "ಇವತ್ತು ಆರೂ ಹತ್ತಕ್ಕೆ ಒಬ್ಬ ಮಗ ಮುದುಕಿನ ಕರ್ಕೊಂಡು ಬಂದಿದ್ದ. ಬಿಡೋ ಹಾಗಿಲ್ವಲ್ಲ. ಆಯಮ್ಮಂಗೆ ಮೊಣಕಾಲು ನೋವಂತೆ. ಒಳಗಿಂದ ನನ್ನ ಕುರ್ಚಿ ತಂದು ಕೂರಿಸ್ದೆ, ನೀರು ಕೊಟ್ಟೆ. ನಾಳೆ ನಾಲ್ಕಕ್ಕೆ ಬನ್ನಿ ಅಮ್ಮ, ನಾನೇ ಕೈ ಹಿಡ್ದು ಕರ್ಕೊಂಡು ಹೋಗ್ತೀನಿ ಅಂದೆ. ಆದ್ರೂ ಕಳಿಸೋವಾಗ ಮನಸ್ಸಿಗೆ ಒಂಥರಾ ಆಯ್ತು ಮರಿ."

"ಹೂಂ" ಅಂದ ಮರಿ. ಅವನ ಕಣ್ಣು ಫೋನಿನ ಮೇಲಿತ್ತು. ಹಿಂದಿನ ದಿನ ಟೈಲ್ಸ್ ಅಂಗಡಿಯವನಿಗೆ ಬರೆದುಕೊಟ್ಟಿದ್ದ ಸಿಟ್ಟಿಗೆ ಎಷ್ಟು ಜನ ಕುದಿದಿದ್ದಾರೆ ಎಂದು ನೋಡುತ್ತಿದ್ದ.

ಮರುದಿನ ಬೆಳಿಗ್ಗೆ ಟೈಲ್ಸ್ ಅಂಗಡಿಯವನು ಬಂದ. "ಅಣ್ಣ, ಒಳ್ಳೆ ಮಾಲು ಸಿಕ್ಕಿದೆ. ನಮ್ಮಮ್ಮನ್ನ ಒಂದ್ಕಡೆ ಗೇಟಲ್ಲಿ ತಡೆದ್ರು. ಹತ್ತೇ ನಿಮಿಷ ಲೇಟು. ಗೇಟಲ್ಲಿದ್ದೋಳು ಒಬ್ಬ ಹೆಂಗಸು..."

"ಜಾಗ ಬೇಡ, ಹೆಸರು ಬೇಡ" ಎಂದು ಕೆಂಡದಣ್ಣ ಕೈ ಎತ್ತಿದ. "ಏನಾಯ್ತು ಅಷ್ಟು ಹೇಳು ಸಾಕು."

ಊರಿನಲ್ಲಿ ಗೇಟುಗಳಿಗೇನು ಬರ? ಬ್ಯಾಂಕಿಗಿದೆ, ಶಾಲೆಗಿದೆ, ಕಚೇರಿಗಿದೆ, ಎಲ್ಲ ಕಡೆಯೂ ಒಬ್ಬಳು ಹೆಂಗಸು ಕೂತಿರುತ್ತಾಳೆ. ಅವನು ಪೆನ್ನಿನ ಟೋಪಿ ತೆಗೆದ. ಹತ್ತು ನಿಮಿಷದಲ್ಲಿ ಮುಗಿಯಿತು. 'ಎಪ್ಪತ್ತೆರಡು ವರ್ಷದ ನನ್ನ ತಾಯಿ ಬಾಗಿಲ ಮುಂದೆ ನಿಂತು ಕೈ ಮುಗಿದರು. ಬಾಗಿಲು ಹಾಕಿದವಳು ಅವರ ಮುಖ ನೋಡಿ ನಕ್ಕಳು.' ಅಲ್ಲಿಂದ ಮುಂದೆ ಹನ್ನೆರಡು ಸಾಲು. ಕೊನೆಗೆ, 'ಇವಳ ಹೊಟ್ಟೆಯಲ್ಲಿ ಮಕ್ಕಳು ಹುಟ್ಟಿದ್ದರೆ ತಾಯಿ ಅಂದರೆ ಏನು ಎಂದು ಗೊತ್ತಿರುತ್ತಿತ್ತು.' ಈ ಕೊನೆಯ ಸಾಲು ಬರೆದಾಗ ಕೆಂಡದಣ್ಣನಿಗೆ ಸ್ವಲ್ಪ ಹೆಮ್ಮೆಯೇ ಆಯಿತು. ಕೇಳಿದವನೂ "ಸೂಪರ್ ಅಣ್ಣ" ಅಂದ. ಖಾಲಿ ಬಿಟ್ಟಿದ್ದ ಜಾಗಗಳನ್ನು ತುಂಬಿಕೊಳ್ಳುವುದು ಅವನ ಪಾಲಿನ ಕೆಲಸ. ಅವನು ಒಂದು ಫೋಟೋವನ್ನೂ ಸೇರಿಸಿದ.

ಅದರ ಮಾರನೆಯ ಮಧ್ಯಾಹ್ನ ಜನನ ಪತ್ರಕ್ಕೆಂದು ಸಾಲಿನಲ್ಲಿ ನಿಂತಿದ್ದ ಹೆಂಗಸೊಬ್ಬಳು ಚಹಾಕ್ಕೆ ಬಿಸ್ಕತ್ತು ಅದ್ದುತ್ತ ತನ್ನ ಫೋನನ್ನು ಕೆಂಡದಣ್ಣನ ಮೂಗಿನ ಕೆಳಗೆ ಹಿಡಿದಳು. "ಇದನ್ನ ಓದಿದ್ರಾ? ನಂಗಂತೂ ರಕ್ತ ಕುದೀತಾ ಇದೆ" ಎಂದು ಹೇಳಿ, ಬಿಸ್ಕತ್ತು ಮುರಿದು ಬೀಳುವ ಮೊದಲೇ ಬಾಯಿಗೆ ಹಾಕಿಕೊಂಡಳು. ಕೆಂಡದಣ್ಣ ತನ್ನದೇ ಸಾಲುಗಳನ್ನು ಕಂಡ. ಮೇಲೆ ಫೋಟೋ. ನೀಲಿ ಕೋಟು, ಕೊರಳಲ್ಲಿ ಬೀಗದ ಕೈ, ಬಾಯಿ ಅರ್ಧ ತೆರೆದು ಏನೋ ಹೇಳುತ್ತಿರುವ ಅಕ್ಕ. ಅವಳ ಹೆಸರು, ವಾರ್ಡಿನ ನಂಬರು.

ಬಾಯಿ ತೆರೆದಿತ್ತಲ್ಲ, ಅದನ್ನೇ ನೋಡಿ ಎಲ್ಲರೂ ನಗು ಅಂದುಕೊಂಡಿದ್ದರು. ಬಹುಶಃ ಅವಳು ಆಗ 'ಕೂತ್ಕೊಳ್ಳಿ ಅಮ್ಮ' ಅನ್ನುತ್ತಿದ್ದಿರಬೇಕು.

ಮೇಜು ಮಡಚದೆ, ಪೆನ್ನಿಗೆ ಟೋಪಿ ಹಾಕದೆ, ಅವನು ಟೈಲ್ಸ್ ಅಂಗಡಿಗೆ ಓಡಿದ. ಅಂಗಡಿಯವನು ಗಿರಾಕಿಗೆ ಬಚ್ಚಲುಮನೆಯ ಟೈಲ್ಸ್ ತೋರಿಸುತ್ತಿದ್ದ. ಅದು ಮುಗಿಯುವವರೆಗೆ ಕಾಯಿಸಿ, ಆಮೇಲೆ ನಗುನಗುತ್ತ ಬಂದ.

"ಅಣ್ಣ, ಎರಡು ಲಕ್ಷ ದಾಟಿತು! ನಿನ್ನ ಕೈಗೆ ಚಿನ್ನದ ಬಳೆ ತೊಡಿಸ್ಬೇಕು."

"ಅದನ್ನ ತೆಗಿ. ಆಕೆ ಮೇಲೆ ನಿಂಗ್ಯಾಕಪ್ಪ ಅಷ್ಟು ಸಿಟ್ಟು?"

"ಸಿಟ್ಟಾ?" ಅವನು ನಿಜಕ್ಕೂ ಆಶ್ಚರ್ಯಪಟ್ಟ. "ನಂಗ್ಯಾಕಣ್ಣ ಸಿಟ್ಟು? ಪಾಪ, ಆಯಮ್ಮ ಒಳ್ಳೇವ್ರು. ಅಮ್ಮಂಗೆ ಕುರ್ಚಿ ತಂದು ಹಾಕಿದ್ರು, ನೀರೂ ಕೊಟ್ರು. ಮಾರನೇ ದಿನ ಹೋದಾಗ ಕೈ ಹಿಡ್ಕೊಂಡು ಮಗೂನ ತೋರಿಸ್ಕೊಂಡು ಬಂದ್ರಂತೆ."

"ಮತ್ತೆ ನಕ್ಕಳು ಅಂತ?"

"ಅದು ನಾನು ಹೇಳಿಲ್ಲಪ್ಪ. ಅದು ನೀನು ಹಾಕಿದ್ದು."

ಕೆಂಡದಣ್ಣ "ಅವಳು ನಮ್ಮಕ್ಕ ಕಣೋ" ಅಂದ.

"ಅಯ್ಯಯ್ಯೋ! ಮೊದ್ಲೇ ಹೇಳ್ಬಾರ್ದಾ?" ಅವನು ಆ ಕ್ಷಣವೇ ಫೋನು ತೆಗೆದು ಪೋಸ್ಟನ್ನು ಅಳಿಸಿದ. ಒಳ್ಳೆಯ ಹುಡುಗನೇ. "ತೆಗ್ದೆ ನೋಡು. ಆದ್ರೆ ಬೇರೆಯವ್ರು ತಗೊಂಡು ಹಾಕ್ಕೊಂಡಿದ್ದಾರಲ್ಲ, ಅದಕ್ಕೇನೂ ಮಾಡೋಕಾಗಲ್ಲ. ಒಂದು ಕೆಲ್ಸ ಮಾಡಣ್ಣ. ಅಕ್ಕನ ಪರವಾಗಿ ಒಂದು ಸಿಟ್ಟು ಬರ್ದುಕೊಡು. ಒಬ್ಬ ಬಡ ಹೆಂಗಸಿನ ಮೇಲೆ ಹೀಗೆ ಬೀಳ್ತೀರಾ, ನಿಮಗೆ ನಾಚಿಕೆ ಆಗಲ್ವಾ ಅಂತ. ಅದೂ ಚೆನ್ನಾಗಿ ಓಡುತ್ತೆ."

ಆ ಮಾತಿಗೆ ಕೆಂಡದಣ್ಣ ಅಲ್ಲಿಯೇ ಒಂದು ಟೈಲ್ಸ್ ಎತ್ತಿ ಒಡೆದಿದ್ದರೆ ನನಗೆ ಸಂತೋಷವಾಗುತ್ತಿತ್ತು. ಅವನು ಹಾಗೆ ಮಾಡಲಿಲ್ಲ. ಬಾಗಿಲಲ್ಲಿ ಬಿಟ್ಟ ಚಪ್ಪಲಿ ಮೆಟ್ಟಿಕೊಂಡು ಹೊರಟುಬಂದ.

ಸಿಟ್ಟು ಬರೆಯುವ ಬದಲು ಅವನು ತನ್ನ ಫೋನಿನಲ್ಲಿ, ತನ್ನ ಹೆಸರಿನಲ್ಲಿ, ನಡೆದದ್ದನ್ನು ನಡೆದಂತೆ ಬರೆದ. ಆರಕ್ಕೆ ಗೇಟು ಹಾಕುವುದು ನಿಯಮ. ಆಕೆ ಕುರ್ಚಿ ಕೊಟ್ಟಳು, ನೀರು ಕೊಟ್ಟಳು. ನಗಲಿಲ್ಲ. ನಕ್ಕಳು ಎಂದು ಬರೆದವನು ನಾನು, ಅದು ಸುಳ್ಳು. ಇಷ್ಟೇ. ಸಂಜೆಯವರೆಗೆ ಅದನ್ನು ಹದಿಮೂರು ಜನ ನೋಡಿದರು. ಒಬ್ಬ ಕಾಮೆಂಟು ಹಾಕಿದ: 'ಆಸ್ಪತ್ರೆಯವರು ಎಷ್ಟು ಕೊಟ್ಟರು?' ಇನ್ನೊಬ್ಬ ಆಕಳಿಸುವ ಮುಖದ ಚಿತ್ರ ಹಾಕಿದ. ಮೇಷ್ಟ್ರು ಹೇಳಿದ್ದು ಅಕ್ಷರಶಃ ನಿಜವಾಯಿತು.

ಮನೆಗೆ ಬಂದರೆ ಅಕ್ಕ ಹೊತ್ತಿಗೆ ಮುಂಚೆಯೇ ಬಂದು ಕೂತಿದ್ದಳು. ವಿಚಾರಣೆ ಮುಗಿಯುವವರೆಗೆ ಬರಬೇಡಿ ಎಂದು ಆಸ್ಪತ್ರೆಯವರು ಬೀಗದ ಕೈ ತೆಗೆದುಕೊಂಡಿದ್ದರು. ಕನ್ನಡಕ ಮೂಗಿನ ತುದಿಗೆ ಜಾರಿಸಿಕೊಂಡು, ಒಂದೇ ಬೆರಳಿನಲ್ಲಿ ಫೋನು ಒತ್ತುತ್ತಿದ್ದಳು.

"ಮರಿ, ಈ ಹಕ್ಕಿ ಚಿತ್ರದವ್ರು ಯಾರೋ? ನಂಗೆ ಗೊತ್ತಿರೋರಾ? ಇಷ್ಟು ಸಿಟ್ಟು ಮಾಡ್ಕೊಂಡಿದ್ದಾರೆ ಅಂದ್ರೆ ನಾನು ಯಾವತ್ತೋ ಏನೋ ಅಂದಿರ್ಬೇಕು."

ಬೇರೆಯವರು ಹಾಕಿಕೊಂಡಿದ್ದ ಆ ಪೋಸ್ಟುಗಳ ಕೆಳಗೆ ಬೈದಿದ್ದ ಒಬ್ಬೊಬ್ಬರಿಗೂ ಅವಳು ಉತ್ತರ ಬರೆಯುತ್ತಿದ್ದಳು. 'ನಮಸ್ಕಾರ. ತಾವು ತಪ್ಪು ತಿಳಿದುಕೊಂಡಿದ್ದೀರಿ. ನಾನು ನಗಲಿಲ್ಲ.' ನಲವತ್ತೊಂದು ಜನಕ್ಕೆ ಬರೆದಿದ್ದಳು. ಇನ್ನು ಆರು ಸಾವಿರ ಚಿಲ್ಲರೆ ಬಾಕಿಯಿತ್ತು. ಅವನು ಫೋನು ಕಿತ್ತುಕೊಳ್ಳಹೋದರೆ, "ತಡಿಯೋ, ಪಾಪ, ಅವ್ರು ಕಾಯ್ತಿರ್ತಾರೆ" ಅಂದಳು. ಅವರಾರೂ ಕಾಯುತ್ತಿಲ್ಲ, ಬೈದ ಮರುಕ್ಷಣವೇ ಬೆರಳು ಸರಿಸಿ ಇನ್ನೊಬ್ಬರನ್ನು ಬೈಯಲು ಹೋಗಿದ್ದಾರೆ ಎಂದು ಅವಳಿಗೆ ಹೇಗೆ ತಿಳಿಸುವುದು? ಅಷ್ಟು ಸಿಟ್ಟು ಸುಮ್ಮಸುಮ್ಮನೆ ಬರುತ್ತದೆ ಎಂದು ಅವಳು ನಂಬಿಯಾಳೇ?

ಕೆಳಮನೆಯಾಕೆ ಮೇಲೆ ಬಂದು, ಅಕ್ಕನ ಕೈ ಹಿಡಿದು, "ಕಾಲ ಕೆಟ್ಟೋಯ್ತು ಅಕ್ಕ, ನಿಮ್ಮಂಥವ್ರಿಗೆ ಹೀಗಾ" ಎಂದು ಕಣ್ಣೊರೆಸಿಕೊಂಡು ಹೋದಳು. ಆ ಆರು ಸಾವಿರದ ಪಟ್ಟಿಯಲ್ಲಿ ಅವಳು ಒತ್ತಿದ ಸಿಟ್ಟಿನ ಕೆಂಪು ಮುಖದ ಚಿತ್ರವೂ ಇತ್ತು. ಕೆಂಡದಣ್ಣ ಅದನ್ನು ನೋಡಿದ್ದ. ಯಾಕೆ ಒತ್ತಿದಿರಿ ಎಂದು ಕೇಳಿದ್ದರೆ, ಎಲ್ಲರೂ ಒತ್ತಿದ್ದರು, ಅದಕ್ಕೇ ಒತ್ತಿದೆ ಅನ್ನುತ್ತಿದ್ದಳೇನೋ.

ಅಂದು ಅವನು ಅಕ್ಕನಿಗೆ ನಿಜ ಹೇಳಬೇಕಿತ್ತು. ಇನ್ನೂ ಎಂಟು ದಿನ ಹೇಳಬಹುದಿತ್ತು. ಹದಿಮೂರು ಜನ ಅಪರಿಚಿತರಿಗೆ ತಪ್ಪೊಪ್ಪಿಕೊಂಡವನಿಗೆ ಎದುರಿಗೆ ಕೂತ ಒಬ್ಬಳಿಗೆ ಹೇಳಲು ಬಾಯಿ ಬರಲಿಲ್ಲ. ಹೇಡಿ. ಇದಕ್ಕಿಂತ ಮೆತ್ತನೆಯ ಮಾತು ನನಗೆ ಸಿಗುತ್ತಿಲ್ಲ.

ಒಂಬತ್ತನೆಯ ದಿನ ದೊಡ್ಡ ಡಾಕ್ಟರು ಅಕ್ಕನನ್ನು ಕರೆಸಿದರು, ಕೆಂಡದಣ್ಣನೂ ಜತೆಗೆ ಹೋದ. ಅವರೇನೂ ಕೆಟ್ಟವರಲ್ಲ. ತಲೆ ನೋಯುತ್ತಿರುವವರ ಹಾಗೆ ಹಣೆ ಒತ್ತಿಕೊಳ್ಳುತ್ತ ಹೇಳಿದರು: "ಗೇಟು ಹಾಕಿದ್ದು ಸರೀನೇ ಅಮ್ಮ, ಅದಕ್ಕೆ ಯಾರೂ ಏನೂ ಅಂತಿಲ್ಲ. ನಕ್ಕಿದ್ದೊಂದೇ ತೊಂದ್ರೆ. ನಕ್ಕಿದ್ದಕ್ಕೆ ಒಂದು ಕ್ಷಮಾಪಣೆ ಬರ್ದುಕೊಡಿ. ಫೈಲು ಮುಚ್ತೀನಿ. ಗೇಟು ಬೇಡ, ರೆಕಾರ್ಡ್ ರೂಮಲ್ಲಿ ಕೂರಿ. ಎರಡು ವರ್ಷ ಕಳೆದುಹೋಗುತ್ತೆ."

"ನಾನು ನಗ್ಲಿಲ್ಲ ಸಾರ್."

"ನಂಗೊತ್ತಮ್ಮ. ಆದ್ರೆ ಎರಡು ಲಕ್ಷ ಜನಕ್ಕೆ ನಾನು ಏನು ಹೇಳ್ಲಿ?"

ಇಬ್ಬರೂ ಹೊರಗೆ ಕಾರಿಡಾರಿನ ಬೆಂಚಿನ ಮೇಲೆ ಕೂತರು. ಅಕ್ಕ ಒಂದು ಹಾಳೆಯನ್ನು ಅವನ ಮುಂದೆ ಹಿಡಿದು, "ನೀನೇ ಬರಿ ಮರಿ, ನಂಗೆ ಇಂಥದ್ದೆಲ್ಲ ಬರಲ್ಲ" ಅಂದಳು. ಅವನು ತೊಡೆಯ ಮೇಲೆ ಹಾಳೆ ಇಟ್ಟುಕೊಂಡ. ಬರೆಯಲಾರೆ ಅಂದುಕೊಂಡ. ಆದರೆ ಇಪ್ಪತ್ತಾರು ವರ್ಷ ಪಳಗಿದ ಕೈ ಯಜಮಾನನನ್ನು ಕೇಳಲಿಲ್ಲ. 'ಆ ಹೊತ್ತಿನಲ್ಲಿ ನನ್ನ ಅರಿವಿಗೆ ಬಾರದೆ ನನ್ನ ಮುಖದಲ್ಲಿ ನಗು ಮೂಡಿತು. ಮೊಣಕಾಲು ನೋವಿನಲ್ಲಿ ನಿಂತಿದ್ದ ಹಿರಿಯ ತಾಯಿಯೊಬ್ಬರಿಗೆ ಆ ನಗು ಎಷ್ಟು ನೋವು ಕೊಟ್ಟಿರಬಹುದು ಎಂದು ನೆನೆದು ನಾಚಿ ತಲೆ ತಗ್ಗಿಸುತ್ತೇನೆ.' ಒಂದು ಚಿತ್ತಿಲ್ಲ, ಒಂದು ಕಾಟಿಲ್ಲ.

ಅಕ್ಕ ಕನ್ನಡಕ ಏರಿಸಿಕೊಂಡು ಎರಡು ಸಲ ಓದಿದಳು.

"ಎಷ್ಟು ಚೆನ್ನಾಗಿ ಬರ್ದಿದ್ದೀಯೋ" ಅಂದಳು. "ಓದಿದ್ರೆ, ನಾನು ನಕ್ಕಿದ್ದು ನಿಜ ಅಂತ ನಂಗೇ ಅನ್ನಿಸ್ತಾ ಇದೆ."

ಸಹಿ ಹಾಕಿದಳು. ಅಷ್ಟಾದ ಮೇಲೆ ಅವನ ಗಂಟಲಿನಿಂದ ಮಾತು ಹೊರಬಿತ್ತು. ಟೈಲ್ಸ್ ಅಂಗಡಿಯವನು, ಖಾಲಿ ಬಿಟ್ಟ ಜಾಗ, ಹನ್ನೆರಡು ಸಾಲು, ಮಕ್ಕಳ ವಿಷಯ ಬರೆದ ಕೊನೆಯ ಸಾಲು, ಎಲ್ಲವನ್ನೂ ಅವನು ನೆಲ ನೋಡುತ್ತ ಹೇಳಿದ. ಹೇಳಿ, ಬೈಗಳಿಗೆ ಕಾದ. ಎದುರು ಮನೆಗೆ ಕೇಳುವ ಹಾಗೆ, ಇಡೀ ಕಾರಿಡಾರು ತಿರುಗಿ ನೋಡುವ ಹಾಗೆ ಬೈಯಲಿ, ಕೆನ್ನೆಗೆ ಎರಡು ಬಿಗಿಯಲಿ ಎಂದು ಕಾದ. ಏನೂ ಕಳೆದುಕೊಳ್ಳದ ಎರಡು ಲಕ್ಷ ಜನ ಕುದಿದಿದ್ದರು. ಕುದಿಯುವ ಹಕ್ಕಿದ್ದವಳು ಈ ಒಬ್ಬಳು.

"ನಕ್ಕಳು ಅಂತ ಯಾಕೆ ಬರ್ದೆ?" ಎಂದು ಕೇಳಿದಳು, ಮೆಲ್ಲಗೆ.

"ಹಾಗೆ ಬರೆಯೋದು ರೂಢಿ ಅಕ್ಕ."

"ರೂಢಿಯಾ" ಅಂದಳು. ಹಾಳೆಯನ್ನು ನೀಟಾಗಿ ಮಡಚಿ, ಎದ್ದು, ದೊಡ್ಡ ಡಾಕ್ಟರ ಕೋಣೆಗೆ ಹೋಗಿ ಕೊಟ್ಟು ಬಂದಳು. ಬಸ್ಸಿನಲ್ಲಿ ಅವನಿಗೆ ಕಿಟಕಿಯ ಸೀಟು ಬಿಟ್ಟುಕೊಟ್ಟಳು, ಯಾವತ್ತೂ ಬಿಡುವಂತೆ.

ಈಗ ಅವಳು ಆಸ್ಪತ್ರೆಯ ನೆಲಮಾಳಿಗೆಯಲ್ಲಿ ಹಳೆಯ ಫೈಲುಗಳ ನಡುವೆ ಕೂರುತ್ತಾಳೆ. ಅಲ್ಲಿಗೆ ಯಾರೂ ಬರುವುದಿಲ್ಲ. ಜನ ಆ ಪೋಸ್ಟನ್ನು ಮರೆತು ತಿಂಗಳುಗಳಾದವು. ಕೆಂಡದಣ್ಣ ಮೆಟ್ಟಿಲ ಕೆಳಗೆ ಹೋಗುತ್ತಾನೆ, ನೀರಿನ ಮೀಟರಿನ ಅರ್ಜಿಗಳನ್ನಷ್ಟೇ ಬರೆಯುತ್ತಾನೆ, ಅದರಲ್ಲಿ ಯಾರನ್ನೂ ನಗಿಸುವುದಿಲ್ಲ. ಬರಹ ಸಪ್ಪೆಯಾಯಿತು ಎಂದು ಗಿರಾಕಿಗಳು ಮೂತಿ ಮುರಿಯುತ್ತಾರೆ.

ಮೊನ್ನೆ ಸಂಜೆ ಬಹಳ ದಿನದ ಮೇಲೆ ಅವನು ಧೈರ್ಯ ಮಾಡಿ, ಮೀಟರಿನ ಜತೆ ಜಗಳವಾಡಿದ ಮುದುಕನೊಬ್ಬನ ಹಾಗೆ ಸೊಂಟಕ್ಕೆ ಕೈಕೊಟ್ಟು ಅಭಿನಯಿಸಿ ತೋರಿಸಿದ. ಅಕ್ಕನ ಕೆನ್ನೆ ಅದುರಿತು. ಅಷ್ಟರಲ್ಲಿ ಅವಳ ಅಂಗೈ ತಾನಾಗಿ ಬಾಯಿಯ ಮೇಲೆ ಬಂತು.

"ಕಿಟಕಿ ಹಾಕಿದ್ಯಾ ನೋಡು ಮರಿ" ಅಂದಳು.

ಅವನು ಎದ್ದು ಕಿಟಕಿ ಮುಚ್ಚಿ, ಚಿಲಕ ಹಾಕಿ ಬಂದ. ಅವಳು ಲೋಟಗಳನ್ನು ಎತ್ತಿಕೊಂಡು ತೊಳೆಯಲು ಹೋಗಿದ್ದಳು.